ಯುರೋಪಿನಂತೆ ನಮ್ಮಲ್ಲೂ ಸೇನಾ ಸೇವೆ ಕಡ್ಡಾಯ ಮಾಡಬೇಕಾ?

ಬೇಡ ಅನ್ನೋದೇ ನನ್ನ ಉತ್ತರ. ಸ್ವೀಡನ್ 2010ರಲ್ಲಿ ಕಡ್ಡಾಯ ಸೇವೆ ನಿಲ್ಲಿಸಿತ್ತು. ಆಮೇಲೆ ಸೇರುವವರು ಸಾಲಲಿಲ್ಲ. 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ನುಂಗಿದ ಮೇಲೆ ಭಯವೂ ಹೆಚ್ಚಿತು. 2017ರಲ್ಲಿ ಮತ್ತೆ ಜಾರಿ ಮಾಡಿದರು. ಅಲ್ಲೂ ಎಲ್ಲರನ್ನೂ ಕರೆಯಲ್ಲ, ಆರಿಸಿ ಕೆಲವರನ್ನಷ್ಟೇ ತೆಗೆದುಕೊಳ್ಳುತ್ತಾರೆ.

ನಮ್ಮಲ್ಲಿ ಸೇರುವವರಿಗೇನು ಬರ? ಬೆಳಗಿನ ಐದಕ್ಕೆ ಹಾವೇರಿಯ ಕ್ರೀಡಾಂಗಣಕ್ಕೆ ಬಂದು ನೋಡಿ. ಬ್ಯಾಡಗಿ, ಹಾನಗಲ್ ಕಡೆಯ ಹುಡುಗರು ಸೇನಾ ಭರ್ತಿಯ 1.6 ಕಿ.ಮೀ. ಓಟಕ್ಕೆ ತಯಾರಿ ನಡೆಸಿರುತ್ತಾರೆ. ಕೆಲವರ ಕಾಲಲ್ಲಿ ಬೂಟೂ ಇರಲ್ಲ. ಇಷ್ಟು ಆಸೆಯಿಂದ ಬರುವವರಿಗೇ ಅಗ್ನಿಪಥ ಅನ್ನೋ ಸೇನಾ ಭರ್ತಿ ಯೋಜನೆಯಲ್ಲಿ ಸಿಗೋದು 4 ವರ್ಷದ ಸೇವೆ. ಆಮೇಲೆ ಹೆಚ್ಚೆಂದರೆ ನೂರಕ್ಕೆ 25 ಜನ ಉಳಿಯುತ್ತಾರೆ. ಮಿಕ್ಕವರು ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ (ಸೇವೆ ಮುಗಿದಾಗ ಒಟ್ಟಿಗೆ ಕೊಡುವ ಹಣ) ಹಿಡಿದು ಊರಿಗೆ ವಾಪಸ್, ಪಿಂಚಣಿ ಇಲ್ಲ. ಮೊದಲು ಇವರಿಗೊಂದು ದಾರಿ ಮಾಡಬೇಕು, ಅಲ್ವಾ?