ಪ್ರಕಟಿಸುವ ಮುನ್ನ ವಿಳಾಸ ನೋಡಿ

ಪ್ರಶ್ನೆ: ನಮ್ಮ ಸಂಸ್ಥೆಯ ಜಾಲತಾಣ ವರ್ಡ್‌ಪ್ರೆಸ್ ಎಂಬ ತಾಣ ನಿರ್ವಹಣೆಯ ತಂತ್ರಾಂಶದಲ್ಲಿದ್ದು, ಲೇಖನ ಸೇರಿಸಿ ಪ್ರಕಟಿಸುವ ಹೊಣೆ ಈಚೆಗೆ ನನ್ನ ಪಾಲಿಗೆ ಬಂದಿದೆ. ಲೇಖನದ ಕೊಂಡಿಯನ್ನು ಯಾರಿಗಾದರೂ ಕಳುಹಿಸಿದರೆ ಶೇಕಡಾ ಚಿಹ್ನೆಗಳೂ ಅಂಕಿಗಳೂ ತುಂಬಿದ ಉದ್ದನೆಯ ವಿಳಾಸ ಹೋಗುತ್ತದೆ. ಶೀರ್ಷಿಕೆಯನ್ನು ಚಿಕ್ಕದು ಮಾಡಿ ನೋಡಿದೆ. ವಿಳಾಸ ಮಾತ್ರ ಹಾಗೆಯೇ ಉಳಿಯಿತು. ಇದನ್ನು ಸರಿಪಡಿಸುವುದು ಹೇಗೆ?

ಉತ್ತರ: ನಿಮಗೆ ಕಾಣುತ್ತಿರುವುದು ದೋಷವಲ್ಲ, ನಿಮ್ಮ ಕನ್ನಡ ಶೀರ್ಷಿಕೆಯದೇ ಇನ್ನೊಂದು ರೂಪ. ಲೇಖನಕ್ಕೆ ನೀವಾಗಿಯೇ ವಿಳಾಸ ಕೊಡದಿದ್ದರೆ ವರ್ಡ್‌ಪ್ರೆಸ್ ಶೀರ್ಷಿಕೆಯಿಂದಲೇ ಅದನ್ನು ಸಿದ್ಧಪಡಿಸುತ್ತದೆ. ವಿಳಾಸದ ಈ ಕೊನೆಯ ಭಾಗವನ್ನು ಸ್ಲಗ್ ಎನ್ನುತ್ತಾರೆ. ಜಾಲವಿಳಾಸದಲ್ಲಿ ನೇರವಾಗಿ ಬಳಸಬಹುದಾದದ್ದು ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಕೆಲವೇ ಚಿಹ್ನೆಗಳನ್ನು. ಬೇರೆ ಬೇರೆ ಲಿಪಿಗಳಿಗೆ ಸಂಕೇತ ಗೊತ್ತುಮಾಡಿರುವ ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಸಂಕೇತವೂ, ಅದನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ, 3 ಬೈಟ್ ಹಿಡಿಯುತ್ತದೆ, ವಿಳಾಸದಲ್ಲಿ ಪ್ರತಿ ಬೈಟಿಗೂ ಒಂದು ಶೇಕಡಾ ಚಿಹ್ನೆ ಮತ್ತು ಅದರ ನಂತರ ಎರಡು ಸ್ಥಾನಗಳು ಬೇಕಾಗುವುದರಿಂದ ಒಂದು ಸಂಕೇತಕ್ಕೆ ಒಟ್ಟು 9 ಸ್ಥಾನಗಳು ಖರ್ಚಾಗುತ್ತವೆ. ‘ಪ್ರಕಟಣೆ’ ಎಂಬ ಪದವನ್ನೇ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಅದು ನಾಲ್ಕು ಅಕ್ಷರ. ಕಂಪ್ಯೂಟರಿಗೆ ಪ, ಒತ್ತಕ್ಷರ ಮೂಡಿಸುವ ಹಲಂತ, ರ, ಕ, ಟ, ಣ ಮತ್ತು ಎತ್ವ ಸೇರಿ ಏಳು ಸಂಕೇತ, ಅಂದರೆ ವಿಳಾಸದಲ್ಲಿ 63 ಸ್ಥಾನ. ಸ್ಲಗ್‌ಗೆ ವರ್ಡ್‌ಪ್ರೆಸ್ ಮೀಸಲಿಟ್ಟಿರುವುದು 200 ಸ್ಥಾನ ಮಾತ್ರ. ಇಂಥ ಮೂರು ಪದಗಳಿಗೇ ಅದು ತುಂಬಿಹೋಗುತ್ತದೆ, ಉಳಿದ ಶೀರ್ಷಿಕೆ ತುಂಡಾಗುತ್ತದೆ. ತುಂಡಾದರೂ ಪುಟ ತೆರೆಯುತ್ತದೆ, ಅದಕ್ಕೇನೂ ತೊಂದರೆಯಿಲ್ಲ. ಆದರೆ ಒಂದೇ ರೀತಿಯ ಪದಗಳಿಂದ ಆರಂಭವಾಗುವ ವರದಿಗಳನ್ನು ಮೇಲಿಂದ ಮೇಲೆ ಪ್ರಕಟಿಸುವವರಿಗೆ ವಿಳಾಸಗಳೆಲ್ಲ ಒಂದೇ ಆಗಿ, ಕೊನೆಯಲ್ಲಿ 2, 3 ಎಂಬ ಅಂಕಿಯಷ್ಟೇ ವ್ಯತ್ಯಾಸವಾಗಿ ಉಳಿಯುತ್ತದೆ.

ಪರಿಹಾರ ಸುಲಭ. ಬರಹ ಇನ್ನೂ ಡ್ರಾಫ್ಟ್ ಆಗಿರುವಾಗಲೇ ಬಲಬದಿಯ ಸೆಟ್ಟಿಂಗ್ಸ್ ಪಟ್ಟಿಯಲ್ಲಿ ಸ್ಲಗ್ ಇರುವಲ್ಲಿಗೆ ಹೋಗಿ, ಇಂಗ್ಲಿಷ್ ಲಿಪಿಯಲ್ಲಿ ಮೂರು ನಾಲ್ಕು ಪದಗಳನ್ನು ನಡುವೆ ಅಡ್ಡಗೆರೆ (-) ಹಾಕಿ ಬರೆಯಿರಿ. ಬ್ರೌಸರಿನ ಮೇಲುಪಟ್ಟಿಯಲ್ಲಿ ಕನ್ನಡ ವಿಳಾಸ ಕನ್ನಡದಲ್ಲೇ ಕಾಣುತ್ತದೆಯಲ್ಲ, ಅದನ್ನೇಕೆ ಬಿಡಬೇಕು ಎಂದು ಕೇಳುವವರಿದ್ದಾರೆ. ಆ ಆಸೆ ನನಗೂ ಇದೆ. ಆದರೆ ಕೊಂಡಿ ಸಾಗುವುದು ಮೇಲುಪಟ್ಟಿಯಲ್ಲಲ್ಲ, ಇಮೇಲ್ ಮತ್ತು ಸಂದೇಶಗಳಲ್ಲಿ, ಅಲ್ಲಿ ಅದು ಮತ್ತೆ ಶೇಕಡಾ ಚಿಹ್ನೆಗಳ ಸಾಲಾಗಬಹುದು.

ಈಗಾಗಲೇ ಪ್ರಕಟವಾದ ಲೇಖನದ ಶೀರ್ಷಿಕೆ ಬದಲಿಸಿದರೆ ಸ್ಲಗ್ ಬದಲಾಗದಿರುವುದು ಉದ್ದೇಶಪೂರ್ವಕ ವ್ಯವಸ್ಥೆ. ಹಂಚಿಹೋದ ಕೊಂಡಿಗಳು ಕೆಡಬಾರದೆಂಬುದು ಅದರ ಹಿಂದಿನ ಕಾಳಜಿ. ನೀವೇ ಹೋಗಿ ಸ್ಲಗ್ ಬದಲಿಸಿದರೆ, ಪೋಸ್ಟ್‌ಗಳ, ಅಂದರೆ ದಿನಾಂಕದೊಂದಿಗೆ ಒಂದರ ಮೇಲೊಂದು ಬರುವ ಲೇಖನಗಳ, ಮಟ್ಟಿಗೆ ವರ್ಡ್‌ಪ್ರೆಸ್ ಹಳೆಯ ಸ್ಲಗ್ ನೆನಪಿಟ್ಟುಕೊಂಡು ಬಂದವರನ್ನು ಹೊಸ ವಿಳಾಸಕ್ಕೆ ಕಳುಹಿಸುತ್ತದೆ. ಪೇಜ್‌ಗಳಿಗೆ, ಅಂದರೆ ಸ್ಥಿರವಾಗಿ ಉಳಿಯುವ ಪುಟಗಳಿಗೆ, ಈ ಸೌಲಭ್ಯವಿಲ್ಲ. ‘ನಮ್ಮ ಬಗ್ಗೆ’, ‘ಸಂಪರ್ಕ’ ಮುಂತಾದವು ಸಾಮಾನ್ಯವಾಗಿ ಪೇಜ್‌ಗಳೇ ಆಗಿರುವುದರಿಂದ, ಅವುಗಳ ವಿಳಾಸ ಬದಲಿಸುವ ಮೊದಲು ಮರುನಿರ್ದೇಶನದ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಪುಟ್ಟ ತಂತ್ರಾಂಶ) ಒಂದನ್ನು ಹಾಕಿಕೊಂಡು ಹಳೆಯದರಿಂದ ಹೊಸದಕ್ಕೆ ದಾರಿ ಮಾಡಿಡಿ.

ಪ್ರಶ್ನೆ: ಹಿರಿಯ ಲೇಖಕರೊಬ್ಬರು ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಕಡತ ಕಳುಹಿಸುತ್ತಾರೆ. ವರ್ಡ್‌ನಲ್ಲಿ ಚೆನ್ನಾಗಿ ಕಾಣುವ ಬರಹ ಜಾಲತಾಣಕ್ಕೆ ಅಂಟಿಸಿದ ಕೂಡಲೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ. ಏಕೆ?

ಉತ್ತರ: ಆ ಕಡತದಲ್ಲಿ ನಿಜಕ್ಕೂ ಇರುವುದು ಅವೇ ಅಕ್ಷರಗಳು. ಹಳೆಯ ಫಾಂಟುಗಳು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತವೆ. ಫಾಂಟ್ ಬಿಟ್ಟುಹೋದ ಕೂಡಲೇ ಮುಸುಕು ಕಳಚುತ್ತದೆ. ಜಾಲತಾಣಕ್ಕೂ ಅದೇ ಫಾಂಟ್ ಹಾಕಿಬಿಡೋಣ ಎಂದು ಹೊರಡಬೇಡಿ, ಪುಟ ಓದಲು ಬಂದರೂ ಕನ್ನಡದಲ್ಲಿ ಹುಡುಕಿದವರಿಗೆ ಅದು ಸಿಗುವುದಿಲ್ಲ. ಮೊದಲು ಪರಿವರ್ತಕದಿಂದ ಯೂನಿಕೋಡಿಗೆ ತನ್ನಿ, ಬಳಿಕ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾರೆ ನೋಡಿ. ಅಂಟಿಸುವಾಗ ಕಂಟ್ರೋಲ್, ಶಿಫ್ಟ್ ಮತ್ತು ವಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವರ್ಡ್‌ನ ಬಣ್ಣ, ಗಾತ್ರ, ಅಂತರಗಳು ಜೊತೆಗೆ ಬರುವುದಿಲ್ಲ. ಉಪಶೀರ್ಷಿಕೆಗಳನ್ನು ದಪ್ಪ ಅಕ್ಷರ ಮಾಡಿ ಬಿಡದೆ ಹೆಡಿಂಗ್ ಬ್ಲಾಕಿನಲ್ಲಿ, ಎರಡನೆಯ ಹಂತದಿಂದ ಕೊಡಿ. ಮೊದಲ ಹಂತ ಸಾಮಾನ್ಯವಾಗಿ ಲೇಖನದ ಶೀರ್ಷಿಕೆಗೇ ಸಲ್ಲುತ್ತದೆ, ಮತ್ತು ಪರದೆಯ ಬರಹವನ್ನು ಓದಿ ಹೇಳುವ ತೆರೆವಾಚಕ ಬಳಸುವ ದೃಷ್ಟಿದೋಷವುಳ್ಳ ಓದುಗರು ಪುಟದೊಳಗೆ ದಾರಿ ಕಂಡುಕೊಳ್ಳುವುದು ಈ ಹಂತಗಳಿಂದಲೇ.

ಪ್ರಶ್ನೆ: ಬೆಳಗಿನ 6 ಗಂಟೆಗೆಂದು ನಿಗದಿಪಡಿಸಿದ ಬರಹ ಆ ಹೊತ್ತಿಗೆ ಪ್ರಕಟವಾಗಲಿಲ್ಲ. ಪಟ್ಟಿಯಲ್ಲಿ ನಿಗದಿ ತಪ್ಪಿದೆ ಎಂದು ತೋರಿಸುತ್ತಿದೆ. ಗಡಿಯಾರವೇ ಕೆಟ್ಟಿದೆಯೇ?

ಉತ್ತರ: ಮೊದಲು ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿ ಸಮಯವಲಯ ಸರಿಯಿದೆಯೇ ನೋಡಿ. ಅದು ಸರಿಯಿದ್ದರೆ ಕಾರಣ ಬೇರೆ. ವರ್ಡ್‌ಪ್ರೆಸ್ ತಾನಾಗಿ ಹೊತ್ತು ನೋಡಿಕೊಂಡು ಕೂರುವುದಿಲ್ಲ. ಯಾರಾದರೂ ತಾಣಕ್ಕೆ ಭೇಟಿ ಕೊಟ್ಟಾಗ ಬಾಕಿ ಕೆಲಸಗಳಿವೆಯೇ ಎಂದು ಪರಿಶೀಲಿಸುತ್ತದೆ. ನಸುಕಿನಲ್ಲಿ ಓದುಗರೇ ಬಾರದಿದ್ದರೆ, ಅಥವಾ ಬಂದವರಿಗೆಲ್ಲ ಕ್ಯಾಷ್‌ನಲ್ಲಿ, ಅಂದರೆ ಮೊದಲೇ ಸಿದ್ಧಮಾಡಿದ ಪುಟಗಳ ಸಂಗ್ರಹದಲ್ಲಿ, ಇಟ್ಟ ಪ್ರತಿಯೇ ಸಿಗುತ್ತಿದ್ದರೆ, ಆ ಪರಿಶೀಲನೆ ನಡೆಯುವುದೇ ಇಲ್ಲ. ನಿಮ್ಮ ಹೋಸ್ಟಿಂಗ್ ಒದಗಿಸುವವರಿಗೆ ಹೇಳಿ, ಗೊತ್ತಾದ ಹೊತ್ತಿಗೆ ಕೆಲಸ ಮಾಡಿಸುವ ಸರ್ವರಿನ ಕ್ರಾನ್ ವ್ಯವಸ್ಥೆಯಿಂದ ಕೆಲವು ನಿಮಿಷಗಳಿಗೊಮ್ಮೆ ಈ ಪರಿಶೀಲನೆಯನ್ನು ಎಬ್ಬಿಸುವಂತೆ ಮಾಡಿಸಿ. ಅಲ್ಲಿಯವರೆಗೆ ಆ ಬರಹವನ್ನು ತೆರೆದು, ದಿನಾಂಕವನ್ನು ಈ ಕ್ಷಣಕ್ಕೆ ಬದಲಿಸಿ ನೀವೇ ಪ್ರಕಟಿಸಬಹುದು.