ಕೋಚ್ ಕೆಲಸ ಹೋಗಿದ್ದು ಲಂಡನ್ನಿನಲ್ಲಿ, ದೀಪಾವಳಿ ಕೆಟ್ಟಿದ್ದು ನಮ್ಮನೇಲಿ

ಪ್ರಶ್ನೆ: ನಾವು ಮೈಸೂರಿನವರು. ನನ್ನ ಯಜಮಾನರಿಗೂ ಬೆಂಗಳೂರಿನಲ್ಲಿರುವ ಮೈದುನನಿಗೂ ಟಾಟನ್‌ಹ್ಯಾಮ್ ಅನ್ನುವ ಲಂಡನ್ನಿನ ಫುಟ್‌ಬಾಲ್ ತಂಡದ ಹುಚ್ಚು. ಬೇಲ್ ಅನ್ನುವವನು ಮೂರು ಗೋಲು ಹೊಡೆದ ರಾತ್ರಿಯಿಂದ ಅಂತೆ. ಜೂನ್‌ನಲ್ಲಿ ಆ ತಂಡ ಕಪ್ ಗೆದ್ದುಕೊಟ್ಟ ಮ್ಯಾನೇಜರನ್ನೇ, ಅಂದರೆ ಕೋಚನ್ನೇ, ತೆಗೆದುಹಾಕಿತು. ಸರಿಯಾಯ್ತು ಅಂತ ಇವರು, ಅನ್ಯಾಯ ಅಂತ ಅವನು. ನಾಲ್ಕು ತಿಂಗಳು ಫೋನಿನಲ್ಲಿ ಅದೇ ಜಗಳ. ಅಕ್ಟೋಬರ್‌ನಲ್ಲಿ ಅದೇ ಮನುಷ್ಯನನ್ನು ಇನ್ನೊಂದು ತಂಡವೂ 39 ದಿನಕ್ಕೇ ತೆಗೆಯಿತು. ಆ ಸಂಜೆ ಇವರು ಮನೆಯವರೆಲ್ಲ ಇರುವ ವಾಟ್ಸ್ಯಾಪ್ ಗ್ರೂಪ್‌ನಲ್ಲಿ "39 ದಿನ" ಅಂತ ಬರೆದು ಸಾಲಾಗಿ ನಗುವ ಮುಖಗಳನ್ನು ಹಾಕಿದರು. ಮೈದುನ ಗ್ರೂಪ್ ಬಿಟ್ಟ. ಎರಡು ದಿನಕ್ಕೆ ದೀಪಾವಳಿ. ಅತ್ತೆ ಎಣ್ಣೆ ಸ್ನಾನಕ್ಕೆ ನೀರು ಕಾಯಿಸಿಕೊಂಡು ಕಾದಿದ್ದೇ ಬಂತು, ಅವನು ಬರಲಿಲ್ಲ. ಫೆಬ್ರವರಿಯಲ್ಲಿ ನಮ್ಮ ಗೃಹಪ್ರವೇಶ. ಇವರು ಫೋನ್ ಮಾಡಲ್ಲ, ಅವನು ಎತ್ತಲ್ಲ. "ಆ ಟಿವಿ ಕನೆಕ್ಷನ್ ತೆಗೆಸಿಬಿಡು" ಅಂತಾರೆ ಅತ್ತೆ. ಇಷ್ಟು ಚಿಕ್ಕ ವಿಷಯಕ್ಕೆ ನಾನು ನಡುವೆ ಹೋಗಬೇಕಾ? ಅಂದಹಾಗೆ, ಮೈದುನನಿಗೆ ಮಾರ್ಚ್‌ನಲ್ಲಿ ಕೆಲಸ ಹೋಗಿತ್ತು. ಆಮೇಲೆ ಸೇರಿದ ಕಡೆಯೂ ಎರಡೇ ತಿಂಗಳು. ಈಗ ಮತ್ತೆ ಎಲ್ಲೋ ಸೇರಿದ್ದಾನೆ.

ಉತ್ತರ: ಮೊದಲಿಗೆ, ಇದು ಚಿಕ್ಕ ವಿಷಯ ಅಂತ ಅವರಿಬ್ಬರ ಮುಂದೆ ಅಪ್ಪಿತಪ್ಪಿಯೂ ಅನ್ನಬೇಡಿ. ಅಂದರೆ ಅಣ್ಣ ತಮ್ಮ ತಕ್ಷಣ ಒಂದಾಗುತ್ತಾರೆ, ನಿಮ್ಮ ವಿರುದ್ಧ. (ಹಾಗೆ ಒಂದು ಮಾಡುವುದೂ ಒಂದು ದಾರಿಯೇ. ಆದರೆ ಗೃಹಪ್ರವೇಶದ ಹೊತ್ತಿಗೆ ನೀವು ಒಂಟಿಯಾಗುತ್ತೀರಿ, ಬೇಡ.)

ಬೇಲ್ ರಾತ್ರಿ ಅಂದಿರಲ್ಲ, ಅದು 2010ರ ಅಕ್ಟೋಬರ್ 20. ಮಿಲಾನ್‌ನಲ್ಲಿ ಇಟಲಿಯ ಇಂಟರ್ ತಂಡದ ಎದುರು ಆಟ. ಅರ್ಧ ಆಟಕ್ಕೇ ಟಾಟನ್‌ಹ್ಯಾಮ್ 4-0 ಹಿಂದೆ. ಗೋಲ್‌ಕೀಪರ್ ಕೆಂಪು ಕಾರ್ಡ್ ತಿಂದು ಹೊರಗೆ. ಅಲ್ಲಿಂದ ಗ್ಯಾರೆತ್ ಬೇಲ್ ಒಬ್ಬನೇ ಎಡಗಡೆಯಿಂದ ನುಗ್ಗಿ ನುಗ್ಗಿ ಮೂರು ಗೋಲು ಹೊಡೆದ. ಆದರೂ ಆಟ 4-3ಕ್ಕೆ ಸೋತರು. ಗಮನಿಸಿ, ಅವರಿಬ್ಬರು ಈ ತಂಡಕ್ಕೆ ಮನಸೋತಿದ್ದು ಸೋತ ಆಟ ನೋಡಿ. ನಮ್ಮಲ್ಲಿ ಆಗ ನಡುರಾತ್ರಿ. ಅಪ್ಪ ಅಮ್ಮ ಏಳಬಾರದು ಅಂತ ಟಿವಿ ಸೌಂಡ್ ಪೂರ್ತಿ ಇಳಿಸಿ ನೋಡಿದ್ದರೂ ನೋಡಿರಬಹುದು. ಕೇಳಿ ನೋಡಿ.

ಇನ್ನು ಜಗಳದ ವಿಷಯ. ಮ್ಯಾನೇಜರನ್ನು ತೆಗೆಯುವುದು ಈ ಕ್ಲಬ್‌ಗೆ ಹೊಸದಲ್ಲ. 2019ರ ಜೂನ್ 1ಕ್ಕೆ ಪೊಚೆಟಿನೊ ತಂಡವನ್ನು ಯುರೋಪಿನ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಫೈನಲ್‌ವರೆಗೆ ಕರೆದುಕೊಂಡು ಹೋಗಿದ್ದ. ನವೆಂಬರ್ 19ಕ್ಕೆ ಅವನ ಕೆಲಸ ಹೋಯ್ತು. ಮರುದಿನ ಬೆಳಗ್ಗೆ ಮೊರಿನ್ಯೊ ಬಂದು ಕೂತಾಗಿತ್ತು. ಕಪ್ ಗೆಲ್ಲೋದಕ್ಕೇ ಅಂತ ಕರೆಸಿದ ಆ ಮೊರಿನ್ಯೊನನ್ನು 2021ರ ಏಪ್ರಿಲ್‌ನಲ್ಲಿ ತೆಗೆದರು, ಲೀಗ್ ಕಪ್ ಫೈನಲ್‌ಗೆ ಆರು ದಿನ ಇರುವಾಗ! 29 ವರ್ಷದ ರಯಾನ್ ಮೇಸನ್ ಕೈಗೆ ತಂಡ ಕೊಟ್ಟರು. ಫೈನಲ್ ಸೋತರು. ಆಗೆಲ್ಲ ಅಣ್ಣ ತಮ್ಮ ಏನಂದಿದ್ದರು ಅಂತ ನೆನಪಿದೆಯಾ? ಇಬ್ಬರೂ ಸೇರಿ ಕ್ಲಬ್‌ನ ಛೇರ್ಮನ್ ಲೆವಿಯನ್ನು ಬೈದಿರುತ್ತಾರೆ. ಲೆವಿಯನ್ನು ಬೈಯುವುದರಲ್ಲಿ ಸ್ಪರ್ಸ್ (ಟಾಟನ್‌ಹ್ಯಾಮ್‌ನ ಇನ್ನೊಂದು ಹೆಸರು) ಅಭಿಮಾನಿಗಳಿಗೆ ಭಿನ್ನಾಭಿಪ್ರಾಯ ಕಡಿಮೆ.

ಈ ಸಲ ಹಾಗಾಗಲಿಲ್ಲ, ಯಾಕೆಂದರೆ ಇಬ್ಬರ ಕೈಯಲ್ಲೂ ಗಟ್ಟಿ ಸಾಕ್ಷಿ ಇದೆ. ಜೂನ್‌ನಲ್ಲಿ ಕೆಲಸ ಕಳೆದುಕೊಂಡ ಆ ಮ್ಯಾನೇಜರ್ ಆಂಜ್ ಪೋಸ್ಟೆಕೊಗ್ಲು ಗ್ರೀಸ್‌ನಲ್ಲಿ ಹುಟ್ಟಿ, ಐದನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಆಸ್ಟ್ರೇಲಿಯಾಕ್ಕೆ ಹೋದವನು. 2023ರ ಜೂನ್‌ನಲ್ಲಿ ಸ್ಪರ್ಸ್‌ಗೆ ಬಂದ. ಗೋಲು ಹೊಡೆಯುವ ದೊಡ್ಡ ಆಟಗಾರ ಹ್ಯಾರಿ ಕೇನ್ ಬಿಟ್ಟುಹೋದ ಮೇಲೂ ಮೊದಲ ಹತ್ತು ಲೀಗ್ ಪಂದ್ಯಗಳಲ್ಲಿ ಎಂಟು ಗೆಲುವು, ಎರಡು ಡ್ರಾ. ಆಮೇಲೆ ಚೆಲ್ಸಿ ಎದುರು ಇಬ್ಬರು ಆಟಗಾರರು ಕೆಂಪು ಕಾರ್ಡ್ ತಿಂದು ತಂಡದಲ್ಲಿ ಒಂಬತ್ತೇ ಜನ ಉಳಿದಾಗಲೂ, ಡಿಫೆಂಡರ್‌ಗಳನ್ನು ಹಿಂದೆ ಸರಿಸದೆ ಅರ್ಧ ಮೈದಾನದ ಗೆರೆಯ ಹತ್ತಿರವೇ ನಿಲ್ಲಿಸಿದ. 4-1 ಸೋಲು. ಹಿಂದೆ ಸರಿಯೋದು ಅವನ ಜಾಯಮಾನದಲ್ಲೇ ಇಲ್ಲ. ಅದೇ ಚಂದ ಅಂತ ನಿಮ್ಮ ಮೈದುನ, ಅದೇ ರೋಗ ಅಂತ ನಿಮ್ಮ ಯಜಮಾನರು.

ಎರಡನೇ ವರ್ಷ, ಅಂದರೆ 2024-25ರಲ್ಲಿ, 38 ಲೀಗ್ ಪಂದ್ಯಗಳಲ್ಲಿ 22 ಸೋಲು. ಇಪ್ಪತ್ತು ತಂಡಗಳಲ್ಲಿ 17ನೇ ಸ್ಥಾನ. ಅದರ ಕೆಳಗಿನ ಮೂರು ತಂಡಗಳು ಕೆಳಗಿನ ಡಿವಿಷನ್‌ಗೆ ಇಳಿದವು. ಆದರೆ ಸೀಸನ್ ಶುರುವಿನಲ್ಲೇ ಈ ಮಹರಾಯ "ಎರಡನೇ ವರ್ಷ ನಾನು ಯಾವಾಗಲೂ ಏನಾದರೂ ಗೆದ್ದೇ ಗೆಲ್ತೀನಿ" ಅಂದಿದ್ದ. ಎಲ್ಲರೂ ನಕ್ಕಿದ್ದರು. ಮೇ 21ಕ್ಕೆ ಸ್ಪೇನ್‌ನ ಬಿಲ್ಬಾವೊದಲ್ಲಿ ಯುರೋಪಿನ ಎರಡನೇ ದೊಡ್ಡ ಟೂರ್ನಿಯಾದ ಯುರೋಪಾ ಲೀಗ್‌ನ ಫೈನಲ್, ಎದುರಿಗೆ ಮ್ಯಾಂಚೆಸ್ಟರ್ ಯುನೈಟೆಡ್. ಬ್ರೆನನ್ ಜಾನ್ಸನ್‌ನ ಒಂದೇ ಗೋಲು, ಅದೂ ಯಾರ ಕಾಲಿಗೆ ತಾಗಿ ಒಳಗೆ ಹೋಯ್ತು ಅಂತ ಎರಡು ಸಲ ನೋಡಬೇಕಾದಂಥದ್ದು. ಎರಡನೇ ಅರ್ಧದಲ್ಲಿ ಯುನೈಟೆಡ್‌ನವರ ಹೆಡರ್ ಇನ್ನೇನು ಗೋಲಿಗೆ ಹೋಯ್ತು ಅನ್ನುವಾಗ ಸ್ಪರ್ಸ್ ಡಿಫೆಂಡರ್ ವಾನ್ ಡೆ ವೆನ್ ಗಾಳಿಯಲ್ಲಿ ಹಾರಿ, ಕಾಲು ಮೇಲೆತ್ತಿ, ಗೆರೆ ದಾಟುವ ಮುಂಚೆಯೇ ಚೆಂಡನ್ನು ಹೊರಕ್ಕೆ ಒದ್ದ. ಆಟ ಮುಗಿದ ಮೇಲೆ ಹತ್ತು ವರ್ಷ ಒಂದು ಕಪ್ಪೂ ಇಲ್ಲದೆ ಆ ಕ್ಲಬ್‌ಗೆ ಆಡಿದ್ದ ಕ್ಯಾಪ್ಟನ್ ಸನ್ ಮಗು ಥರ ಅತ್ತ. ಕ್ಲಬ್‌ಗೆ 17 ವರ್ಷದಲ್ಲಿ ಮೊದಲ ಕಪ್. ಯುರೋಪ್ ಮಟ್ಟದಲ್ಲಿ 1984ರ ನಂತರ ಮೊದಲನೆಯದು. ಜೊತೆಗೆ ಮುಂದಿನ ವರ್ಷದ ಚಾಂಪಿಯನ್ಸ್ ಲೀಗ್‌ಗೆ ಪ್ರವೇಶ. ಇಲ್ಲಿ ಆಟ ಶುರುವಾಗಿದ್ದೇ ರಾತ್ರಿ ಹನ್ನೆರಡೂವರೆಗೆ. ಮುಗಿದ ಮೇಲೆ ಆ ಹೊತ್ತಿನಲ್ಲಿ ಅಣ್ಣ ತಮ್ಮ ಫೋನ್ ಮಾಡಿಕೊಂಡಿರಲೇಬೇಕು, ನೀವು ನಿದ್ದೆಗಣ್ಣಲ್ಲಿ ಗದರಿರಬೇಕು.

ಹದಿನಾರನೇ ದಿನ, ಜೂನ್ 6ಕ್ಕೆ, ಅವನನ್ನು ತೆಗೆದರು. ಹಿಂದಿನ 66 ಲೀಗ್ ಪಂದ್ಯಗಳಲ್ಲಿ ಬಂದಿದ್ದು 78 ಅಂಕ ಮಾತ್ರ, ಗೆಲುವಿನ ಭಾವುಕತೆಯಲ್ಲಿ ನಿರ್ಧಾರ ಮಾಡಲಾಗದು ಅಂತ ಕ್ಲಬ್ ಹೇಳಿಕೆ ಕೊಟ್ಟಿತು.

ಯಾರು ಸರಿ? ನನ್ನ ಪ್ರಕಾರ ತೆಗೆದಿದ್ದು ಸರಿ. ಗಾಯದ ಸಮಸ್ಯೆ ಇತ್ತು ನಿಜ, ಕೊನೆಕೊನೆಗೆ ಲೀಗ್ ಬಿಟ್ಟು ಯುರೋಪಾ ಕಡೆಗೇ ಗಮನ ಕೊಟ್ಟಿದ್ದರು, ಅದೂ ನಿಜ. ಆದರೂ 22 ಸೋಲು ಅನ್ನುವುದು ಎರಡು ವಾರದ ಎಡವಟ್ಟಲ್ಲ. ಕಪ್ ಗೆದ್ದ ನಾಲ್ಕೇ ದಿನಕ್ಕೆ ಸ್ವಂತ ಮೈದಾನದಲ್ಲಿ ಬ್ರೈಟನ್ ಕೈಲಿ 4-1 ಸೋತವರು ಇವರು. ಹೀಗಾಗಿ ನನ್ನ ಓಟು ನಿಮ್ಮ ಯಜಮಾನರಿಗೆ. ಇದನ್ನು ಅವರಿಗೆ ತೋರಿಸಬೇಡಿ. ತೋರಿಸಿದರೆ ಮುಂದಿನ ಪ್ಯಾರಾನೂ ಓದಿಸಿ.

ಅವರು ಗ್ರೂಪ್‌ನಲ್ಲಿ ಹಾಕಿದ "39 ದಿನ" ಏನನ್ನೂ ಸಾಬೀತು ಮಾಡುವುದಿಲ್ಲ. ನೀವು ಹೇಳಿದ ಆ ಇನ್ನೊಂದು ತಂಡ, ನಾಟಿಂಗ್‌ಹ್ಯಾಮ್ ಫಾರೆಸ್ಟ್, ಆಂಜ್‌ನನ್ನು ಕೆಲಸಕ್ಕೆ ತೆಗೆದುಕೊಂಡಿದ್ದು ಸೆಪ್ಟೆಂಬರ್ 9ಕ್ಕೆ, ಸೀಸನ್ ಶುರುವಾದ ಮೇಲೆ. ಅಲ್ಲಿದ್ದದ್ದು ಹಿಂದಿನ ಮ್ಯಾನೇಜರ್ ನುನೊ ಕಟ್ಟಿದ ತಂಡ. ಹಿಂದೆ ಗಟ್ಟಿಯಾಗಿ ನಿಂತು, ಚೆಂಡು ಸಿಕ್ಕಾಗ ಓಡುವ ತಂಡ. ಅದನ್ನು ಮುಂದೆ ಬಂದು ಆಡುವ ತಂಡ ಮಾಡು ಅಂತ ಆಂಜ್ ಕೈಗೆ ಕೊಟ್ಟರು, ತಯಾರಿಗೆ ಸಮಯವೇ ಇಲ್ಲ. ಎಂಟು ಪಂದ್ಯ, ಒಂದೂ ಗೆಲುವಿಲ್ಲ. ಅಕ್ಟೋಬರ್ 18ರ ಶನಿವಾರ ಚೆಲ್ಸಿ ಎದುರು 3-0 ಸೋತು, ಆಟ ಮುಗಿದು ಅರ್ಧ ಗಂಟೆಯೊಳಗೆ ಮನೆಗೆ ಕಳಿಸಿದರು. ಫಾರೆಸ್ಟ್‌ನವರು ಆತುರದಲ್ಲಿ ತಪ್ಪು ಆಯ್ಕೆ ಮಾಡಿದರು ಅಂತ ಇದರಿಂದ ಹೇಳಬಹುದು. ಸ್ಪರ್ಸ್ ಮಾಡಿದ್ದು ಸರಿ ಅಂತ ಹೇಳಲಾಗದು. ಸರಿಯಾದ ಪಕ್ಷದಲ್ಲಿದ್ದುಕೊಂಡು ತಪ್ಪು ಸಾಕ್ಷಿ ತಂದು, ಅದರ ಮೇಲೆ ನಕ್ಕಿದ್ದಾರೆ.

ಈಗ ನಿಮ್ಮ "ಅಂದಹಾಗೆ"ಗೆ ಬರೋಣ. ಪತ್ರದ ಮುಖ್ಯ ವಿಷಯವನ್ನು ಕೊನೇಲಿ ಸುಮ್ನೆ ಸೇರಿಸಿದ ಹಾಗೆ ಬರೆಯುವವರು ತುಂಬ ಜನ. ಮಾರ್ಚ್‌ನಲ್ಲಿ ಕೆಲಸ ಹೋದವನು, ಮುಂದಿನ ಕೆಲಸ ಎರಡೇ ತಿಂಗಳಿಗೆ ಕಳೆದುಕೊಂಡವನು. ಅವನ ಅಣ್ಣ, ಅಮ್ಮ, ಅತ್ತಿಗೆ, ಚಿಕ್ಕಪ್ಪಂದಿರು ಎಲ್ಲ ಇರುವ ಗ್ರೂಪ್‌ನಲ್ಲಿ ಒಬ್ಬ ಮನುಷ್ಯ ಎಷ್ಟು ದಿನಕ್ಕೆ ಕೆಲಸ ಕಳೆದುಕೊಂಡ ಅಂತ ಲೆಕ್ಕ ಹಾಕಿ ನಗುತ್ತಾನೆ. ನಿಮ್ಮ ಯಜಮಾನರ ಮನಸ್ಸಿನಲ್ಲಿ ಅದು ಖಂಡಿತ ಇರಲಿಲ್ಲ. ಓದಿದವನಿಗೆ ಹೇಗೆ ಕೇಳಿಸಿತು ಅನ್ನುವುದು ಬೇರೆ.

ಹಾಗಂತ ಇಡೀ ಜಗಳವನ್ನು ಇದರ ತಲೆಗೆ ಕಟ್ಟಬೇಡಿ. ಪ್ರತಿ ಜಗಳದ ಹಿಂದೆ ಇನ್ನೊಂದು ಜಗಳ ಹುಡುಕುವುದು ನಮ್ಮಂಥ ಅಂಕಣಕಾರರ ಚಟ. ಜೂನ್‌ನಿಂದ ಅಕ್ಟೋಬರ್‌ವರೆಗೆ ಅವರು ಕಿತ್ತಾಡಿದ್ದು ಫುಟ್‌ಬಾಲ್‌ಗಾಗಿಯೇ. ಅದು ಆರೋಗ್ಯವಾದ ಜಗಳ. ಮದುವೆ ಮುಗಿದ ಮನೆಯಲ್ಲಿ ಒಬ್ಬ ಸಾಲದ ಲೆಕ್ಕ ಹಿಡಿದು ಕೂತಿರುತ್ತಾನೆ, ಇನ್ನೊಬ್ಬ ಊಟ ಹೇಗಿತ್ತು ಅಂತ ನೆನೆಸುತ್ತಿರುತ್ತಾನೆ ಅಲ್ವಾ, ಹಾಗೆ. ಇದು ಇತ್ಯರ್ಥ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಲೆಸ್ಟರ್ ತಂಡ ಚಾಂಪಿಯನ್ ಆದ ಒಂಬತ್ತೇ ತಿಂಗಳಿಗೆ, 2017ರ ಫೆಬ್ರವರಿಯಲ್ಲಿ, ಗೆಲ್ಲಿಸಿದ ಮ್ಯಾನೇಜರ್ ರಾನಿಯೇರಿಯನ್ನೇ ತೆಗೆಯಿತು. ಆ ಊರಿನವರು ಅದರ ಬಗ್ಗೆ ಇವತ್ತಿಗೂ ವಾದ ಮಾಡಬಲ್ಲರು. ಸರಿಮಾಡಬೇಕಾಗಿದ್ದು ಅಕ್ಟೋಬರ್ 18ರ ಆ ಒಂದು ಮೆಸೇಜನ್ನು ಮಾತ್ರ.

ಅದನ್ನು ಮಾಡಬೇಕಾದವರು ನೀವಲ್ಲ. ನೀವು ನಡುವೆ ಹೋದರೆ ಮೈದುನ "ಅತ್ತಿಗೆ ಹೇಳಿದ್ರು ಅಂತ ಬಂದೆ" ಅಂತಾನೆ, ಗೃಹಪ್ರವೇಶದ ದಿನ ಊಟ ಮಾಡಿ ಸಂಜೆ ಬಸ್ಸಿಗೆ ಹೊರಡುತ್ತಾನೆ. ನಿಮ್ಮ ಕೆಲಸ ಒಂದೇ. ಯಜಮಾನರು ಒಬ್ಬರೇ ಇದ್ದಾಗ, ಆಟ ಇಲ್ಲದ ದಿನ ನೋಡಿ, ಹೀಗೆ ಕೇಳಿ: "ಆ ಮೆಸೇಜ್ ಹಾಕುವಾಗ ಅವನ ಕೆಲಸದ ವಿಷಯ ನೆನಪಿತ್ತಾ?" ಕೇಳಿ ಸುಮ್ಮನಾಗಿ. ಅವರು "ಏ, ಅದಕ್ಕೂ ಇದಕ್ಕೂ ಏನು ಸಂಬಂಧ" ಅಂದೇ ಅನ್ನುತ್ತಾರೆ. ವಾದಕ್ಕೆ ಇಳಿಯಬೇಡಿ, ಎದ್ದು ಹೋಗಿ.

ಆಮೇಲೆ ಅವರೇ ಫೋನ್ ಮಾಡಬೇಕು. ಮೆಸೇಜ್ ಬೇಡ, ಮೆಸೇಜ್‌ನಿಂದಲೇ ಕೆಟ್ಟಿದ್ದು. "ಗ್ರೂಪ್‌ನಲ್ಲಿ ಹಾಗೆ ಹಾಕಬಾರದಿತ್ತು ಕಣೋ" ಅಂದರೆ ಸಾಕು. ಅದಾದ ಮೇಲೆ "ಆದ್ರೂ 17ನೇ ಸ್ಥಾನ..." ಅಂತ ಬಾಲ ಸೇರಿಸಿದರೆ ಕೆಲಸ ಕೆಟ್ಟಿತು. ತಮ್ಮನ ಕೆಲಸದ ಬಗ್ಗೆಯೂ ಆ ದಿನ ಕೆದಕುವುದು ಬೇಡ, ಅವನಾಗಿ ಹೇಳಿದರೆ ಕೇಳಿಸಿಕೊಳ್ಳಲಿ. ಮಾತು ಮುಂದಕ್ಕೆ ಹೋಗದಿದ್ದರೆ ಲೆವಿಯ ವಿಷಯ ಎತ್ತಲಿ. ಆಂಜ್‌ನನ್ನು ತೆಗೆದ ಮೂರೇ ತಿಂಗಳಿಗೆ, ಹತ್ತಿರ ಹತ್ತಿರ 25 ವರ್ಷ ಕೂತಿದ್ದ ಕುರ್ಚಿಯಿಂದ ಲೆವಿಯೂ ಇಳಿಯಬೇಕಾಯಿತು. ಇದರ ಬಗ್ಗೆ ಅಣ್ಣ ತಮ್ಮ ಒಂದು ಗಂಟೆ ಮಾತಾಡಬಲ್ಲರು, ಒಂದೇ ಪಕ್ಷದಲ್ಲಿ ನಿಂತು.

ಅತ್ತೆಯವರ ಸಲಹೆ ಬೇಡವೇ ಬೇಡ. ಟಿವಿ ಕನೆಕ್ಷನ್ ತೆಗೆಸಿದರೆ ಮೊಬೈಲ್‌ನಲ್ಲಿ ನೋಡುತ್ತಾರೆ, ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಕೂತು. ಬದಲಿಗೆ ಹೊಸ ಮನೆಯಲ್ಲಿ ಮೈದುನ ಎರಡು ರಾತ್ರಿ ಉಳಿಯುವ ಹಾಗೆ ಕರೆಯಿರಿ, ಸಾಧ್ಯವಾದರೆ ಸ್ಪರ್ಸ್ ಆಟ ಇರುವ ವಾರಾಂತ್ಯ ಸೇರಿಸಿ. ಆ ರಾತ್ರಿ ಹಾಲ್‌ನಲ್ಲಿ ಕಿರುಚಾಟ ಕೇಳಿದರೆ ಎದ್ದು ಬರಬೇಡಿ. ಫೋನ್ ಎತ್ತದೇ ಹೋದರೆ ಯಜಮಾನರು ಒಂದು ಭಾನುವಾರ ಬೆಳಗ್ಗೆ ರೈಲು ಹತ್ತಿ ಅವನ ಮನೆಗೇ ಹೋಗಲಿ. ಕೈಯಲ್ಲಿ ಗೃಹಪ್ರವೇಶದ ಪತ್ರಿಕೆ ಇರಲಿ, ಅವನ ಹೆಸರನ್ನು ಕರೆಯುವವರ ಸಾಲಿನಲ್ಲಿ ಅಚ್ಚು ಹಾಕಿಸಿ. ಇನ್ನೂ ಪ್ರಿಂಟ್‌ಗೆ ಕೊಟ್ಟಿಲ್ಲ ತಾನೇ?