ಓದುಗರ ಪ್ರಶ್ನೆ: ಸಿದ್ಧಾಂತ ಮೊದಲೋ, ಕೃತಿ ಮೊದಲೋ?

ಪ್ರಶ್ನೆ: ನಾನು ಇಂಗ್ಲಿಷ್ ಎಂ.ಎ. ಓದುತ್ತಿದ್ದೇನೆ. ಪ್ರಬಂಧ ಬರೆಯುವಾಗ ಮೊದಲು ಒಂದು ಸಿದ್ಧಾಂತವನ್ನು ಆರಿಸಿಕೊಂಡು, ಆಮೇಲೆ ಅದನ್ನು ಕೃತಿಗೆ ಅನ್ವಯಿಸಬೇಕೆಂದು ನಮಗೆ ಹೇಳಿಕೊಟ್ಟಿದ್ದಾರೆ. ರಾಜಾ ರಾವ್ ಅವರ ಇಂಗ್ಲಿಷ್ ಕಾದಂಬರಿ ‘ಕಾಂತಾಪುರ’ದ ಬಗ್ಗೆ ವಸಾಹತೋತ್ತರ (ಎಂದರೆ ವಸಾಹತು ಆಳ್ವಿಕೆಯ ಪರಿಣಾಮಗಳನ್ನು ಗಮನಿಸುವ) ದೃಷ್ಟಿಯಿಂದ ಒಂದು, ಸ್ತ್ರೀವಾದಿ ದೃಷ್ಟಿಯಿಂದ ಒಂದು ಪ್ರಬಂಧ ಬರೆದೆ. ಎರಡರಲ್ಲೂ ಸಿದ್ಧಾಂತವಿದೆ, ಕಾದಂಬರಿಯೇ ಇಲ್ಲ ಅನ್ನಿಸುತ್ತಿದೆ. ಎಲ್ಲಿ ಎಡವಿದ್ದೇನೆ?

ಉತ್ತರ: ಎಡವಿರುವುದು ಕ್ರಮದಲ್ಲಿ. ವಸಾಹತೋತ್ತರ ವಿಮರ್ಶೆ, ಸ್ತ್ರೀವಾದ, ಮಾರ್ಕ್ಸ್‌ವಾದ ಇವೆಲ್ಲ ಕೃತಿಯನ್ನು ಕೇಳಬಹುದಾದ ಪ್ರಶ್ನೆಗಳೇ ಹೊರತು ಸಿದ್ಧ ಉತ್ತರಗಳಲ್ಲ. ಯಾವ ಪ್ರಶ್ನೆಯನ್ನು ಕೇಳಬೇಕೆಂಬುದನ್ನು ಬಹಳ ಸಲ ಕೃತಿಯೇ ಸೂಚಿಸುತ್ತದೆ. ಅದು ಕಿವಿಗೆ ಬೀಳಬೇಕಾದರೆ ಮಾತ್ರ ವಾಕ್ಯ ವಾಕ್ಯವಾಗಿ ಓದಬೇಕು. ಇಂಗ್ಲಿಷ್ ವಿಮರ್ಶಕ ಐ.ಎ. ರಿಚರ್ಡ್ಸ್ ಕೇಂಬ್ರಿಜ್‌ನಲ್ಲಿ ವಿದ್ಯಾರ್ಥಿಗಳಿಗೆ ಕವಿಯ ಹೆಸರು ಕಾಣಿಸದೆ ಪದ್ಯಗಳನ್ನು ಕೊಟ್ಟು, ಬಂದ ಬರಹಗಳನ್ನು 1929ರ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ನಲ್ಲಿ ಪರಿಶೀಲಿಸಿದಾಗ, ಚೆನ್ನಾಗಿ ಓದಿಕೊಂಡವರು ಕೂಡ ಪದ್ಯದ ನೇರ ಅರ್ಥದಲ್ಲೇ ಮುಗ್ಗರಿಸುತ್ತಾರೆಂಬುದು ಬಯಲಾಯಿತು. ಆತನ ವಿಧಾನ ಚರಿತ್ರೆಯನ್ನು ಹೊರಗಿಟ್ಟಿತೆಂಬ ಆಕ್ಷೇಪ ನ್ಯಾಯವಾದದ್ದೇ, ಆದರೆ ಆ ಮುಗ್ಗರಿಸುವಿಕೆ ಇಂದಿಗೂ ನಿಂತಿಲ್ಲ.

ನಿಮ್ಮ ಕಾದಂಬರಿಯನ್ನೇ ತೆಗೆದುಕೊಳ್ಳಿ. 1938ರಲ್ಲಿ ಪ್ರಕಟವಾದ ಈ ಕೃತಿಯ ಮುನ್ನುಡಿಯಲ್ಲಿ ರಾಜಾ ರಾವ್, ತನ್ನದಲ್ಲದ ಭಾಷೆಯಲ್ಲಿ ತನ್ನದೇ ಆದ ಚೈತನ್ಯವನ್ನು ಹೇಳಬೇಕಾದ ಕಷ್ಟವನ್ನು ಮುಂದಿಡುತ್ತಾರೆ. ಎಲ್ಲ ಪ್ರಬಂಧಗಳೂ ಈ ಮಾತನ್ನು ಉದ್ಧರಿಸಿ ಮುಂದೆ ಸಾಗುತ್ತವೆ. ಆದರೆ ಆ ಕಷ್ಟ ಬಗೆಹರಿದಿರುವುದು ಪುಟಗಳ ಒಳಗೆ: ಹಾಸನದಲ್ಲಿ ಹುಟ್ಟಿದ ಈ ಲೇಖಕರ ಇಂಗ್ಲಿಷಿನಲ್ಲಿ, ಊರನ್ನು ಗಾಂಧಿಯ ಹೋರಾಟಕ್ಕೆ ಇಳಿಸುವ ಯುವಕ ಮೂರ್ತಿ ‘ಮೂಲೆಮನೆ ಮೂರ್ತಿ’ಯಾಗಿಯೇ ಬರುತ್ತಾನೆ, ಗಾಂಧಿಯ ಜನನ ಹರಿಕಥೆಯ ದಾಸರ ಬಾಯಲ್ಲಿ ಪುರಾಣವಾಗುತ್ತದೆ, ‘ಮತ್ತು’ ‘ಮತ್ತು’ ಎಂದು ಪೋಣಿಸಿದ ವಾಕ್ಯಗಳು ಜಗಲಿಯ ಮೇಲೆ ಕುಳಿತ ಅಜ್ಜಿಯ ಉಸಿರಿನ ಉದ್ದಕ್ಕೆ ಹರಿಯುತ್ತವೆ. ಇಂಗ್ಲಿಷಿನ ಅಡಿಯಲ್ಲಿರುವ ಈ ಕನ್ನಡ ಲಂಡನ್ನಿನ ಓದುಗನಿಗೆ ಕೇಳಿಸದು, ನಿಮಗೆ ಕೇಳಿಸುತ್ತದೆ. ವಸಾಹತೋತ್ತರ ಓದಿಗೆ ಇದಕ್ಕಿಂತ ಗಟ್ಟಿಯಾದ ಆಧಾರ ಇನ್ನೇನು ಬೇಕು?

ಇಷ್ಟಕ್ಕೇ ನಿಲ್ಲಬೇಡಿ. ಕಥೆ ಹೇಳುವ ಅಚ್ಚಕ್ಕ ಬ್ರಾಹ್ಮಣ ವಿಧವೆ. ತಮ್ಮ ಬೀದಿಯ ಮನೆಗಳನ್ನು ಒಂದೊಂದಾಗಿ ಹೆಸರಿಸುವ ಆಕೆ, ಉಳಿದ ಕೇರಿಗಳಲ್ಲಿ ಎಷ್ಟು ಗುಡಿಸಲುಗಳಿವೆ ಎಂಬಲ್ಲಿಗೆ ಬಂದಾಗ, ತನಗೆ ಗೊತ್ತಿಲ್ಲ, ತೊಂಬತ್ತಿರಬಹುದು, ನೂರಿರಬಹುದು ಎನ್ನುತ್ತಾಳೆ. ಅಸ್ಪೃಶ್ಯರ ಕೇರಿಗೆ ತಾನು ಹೋಗುವುದುಂಟೇ ಎಂಬ ಧಾಟಿ ಆಕೆಯದು. ‘ನಾವು’ ‘ನಮ್ಮೂರು’ ಎಂದು ಪುಟಪುಟಕ್ಕೂ ಹೇಳುವವಳ ‘ನಾವು’ ಯಾರು? ಜಾತಿಯ ಪ್ರಶ್ನೆಯನ್ನು ಇಲ್ಲಿ ಯಾವ ಸಿದ್ಧಾಂತವೂ ಹೊರಗಿನಿಂದ ತರಬೇಕಿಲ್ಲ. ಮೂರ್ತಿ ಸೆರೆಯಾದ ಮೇಲೆ ಹೋರಾಟವನ್ನು ಮುಂದುವರಿಸುವವರು ಹೆಂಗಸರು, ಅದರಲ್ಲೂ ರಂಗಮ್ಮ, ರತ್ನರಂಥ ವಿಧವೆಯರು; ಆಗ ಅದೇ ‘ನಾವು’ ಹೆಂಗಸರ ‘ನಾವು’ ಆಗಿ ತಿರುಗುತ್ತದೆ. ಈ ಒಂದು ಸರ್ವನಾಮವನ್ನು ಹಿಡಿದು ಹೋಗಿದ್ದರೆ ನಿಮ್ಮ ಎರಡು ಪ್ರಬಂಧಗಳು ಒಂದೇ ಆಗುತ್ತಿದ್ದವು. ಹಾಗೆ ಬರೆದಿದ್ದರೆ ಅಂಕ ಎಷ್ಟು ಬರುತ್ತಿತ್ತೆಂಬ ಹೊಣೆಯನ್ನು ಮಾತ್ರ ನಾನು ಹೊರಲಾರೆ.

ಪ್ರಶ್ನೆ: ಇಂಗ್ಲಿಷ್ ಕಾದಂಬರಿಕಾರ್ತಿ ಜೇನ್ ಆಸ್ಟಿನ್ ಬರೆದದ್ದು ಮದುವೆ, ಮನೆತನಗಳ ಕಥೆ. ಅದರೊಳಗೆ ವಿಮರ್ಶಕ ಎಡ್ವರ್ಡ್ ಸೈದ್ ಗುಲಾಮಗಿರಿಯನ್ನು ತುರುಕಿದ್ದು ಅತಿಯಾಯಿತಲ್ಲವೇ?

ಉತ್ತರ: ತುರುಕಿದ್ದಲ್ಲ, ಅಲ್ಲೇ ಇತ್ತು. 1814ರ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನಲ್ಲಿ ಸರ್ ಥಾಮಸ್‌ಗೆ ಗುಲಾಮರು ದುಡಿಯುತ್ತಿದ್ದ ಕೆರಿಬಿಯನ್ ದ್ವೀಪ ಆಂಟಿಗುವಾದಲ್ಲಿ ಆಸ್ತಿಯಿದೆ, ಅದನ್ನು ನೋಡಿಕೊಳ್ಳಲು ಆತ ಸಮುದ್ರ ದಾಟಿ ಹೋಗಿ ಬರುತ್ತಾನೆ. ಬಂದ ಮೇಲೆ ಆತನ ಮನೆಯಲ್ಲಿ ಬೆಳೆದ ಬಡ ನೆಂಟರ ಹುಡುಗಿ ಫ್ಯಾನಿ ಗುಲಾಮರ ವ್ಯಾಪಾರದ ಬಗ್ಗೆ ಒಂದು ಮಾತು ಕೇಳುತ್ತಾಳೆ. ಅದನ್ನು ಮುಂದುವರಿಸಬಹುದಿತ್ತಲ್ಲ ಎಂದು ಆ ಮನೆಯ ಮಗ ಎಡ್ಮಂಡ್ ಆಮೇಲೆ ಹೇಳಿದಾಗ, ಆಗ ಕೋಣೆಯಲ್ಲಿ ಗಾಢವಾದ ಮೌನ ಕವಿದಿತ್ತಲ್ಲ ಎಂದು ಉತ್ತರಿಸುತ್ತಾಳೆ. ಬ್ರಿಟನ್ ಆ ವ್ಯಾಪಾರವನ್ನು ಕಾನೂನಿನಿಂದ ನಿಲ್ಲಿಸಿದ್ದು 1807ರಲ್ಲಿ. 1993ರ ‘ಕಲ್ಚರ್ ಅಂಡ್ ಇಂಪೀರಿಯಲಿಸಂ’ನಲ್ಲಿ ಸೈದ್ ಕಿವಿಗೊಟ್ಟದ್ದು ಇಂಥ ಮೌನಕ್ಕೆ. ಆಸ್ಟಿನ್‌ಳನ್ನು ಕಪಾಟಿನಿಂದ ತೆಗೆದುಹಾಕಿ ಎಂದು ಆತ ಹೇಳಿಲ್ಲ. ಹಾಗೆ ಹೇಳಿದ್ದಾನೆಂದು ನಂಬಿರುವವರು ಹೆಚ್ಚಾಗಿ ಆತನನ್ನು ಓದದವರು.

ಪ್ರಶ್ನೆ: ಭಾರತೀಯ ಕೃತಿಗಳಿಗೆ ಪಾಶ್ಚಾತ್ಯ ಸಿದ್ಧಾಂತಗಳನ್ನು ಹಚ್ಚುತ್ತೇವೆ. ನಮ್ಮ ಕಾವ್ಯಮೀಮಾಂಸೆಯಿಂದ ಇಂಗ್ಲಿಷ್ ಕವಿತೆಯನ್ನು ಓದಲು ಸಾಧ್ಯವೇ?

ಉತ್ತರ: ಸಾಧ್ಯ. ಪದ್ಯದಲ್ಲಿ ಅದಕ್ಕೆ ಕೆಲಸವಿರಬೇಕು, ಅಷ್ಟೆ. ವರ್ಡ್ಸ್‌ವರ್ತ್ 1800ರಲ್ಲಿ ಪ್ರಕಟಿಸಿದ ‘ಎ ಸ್ಲಂಬರ್ ಡಿಡ್ ಮೈ ಸ್ಪಿರಿಟ್ ಸೀಲ್’ ಎಂಬ ಎಂಟು ಸಾಲಿನ ಪದ್ಯವನ್ನು ನೋಡಿ. ಅದರಲ್ಲಿ ಸಾವು ಎಂಬ ಪದವೇ ಇಲ್ಲ. ಮೊದಲ ನಾಲ್ಕು ಸಾಲುಗಳಲ್ಲಿ ಕವಿ ನೆನೆಯುವ ಹೆಣ್ಣು ಕಾಲದ ಸ್ಪರ್ಶವೇ ತಟ್ಟದ ಒಂದು ‘ವಸ್ತು’ವಿನಂತೆ ಕಂಡಿದ್ದಳು. ಮುಂದಿನ ನಾಲ್ಕರಲ್ಲಿ ಆಕೆಗೆ ಚಲನೆಯಿಲ್ಲ, ಕೇಳದು, ಕಾಣದು. ಬಂಡೆ, ಕಲ್ಲು, ಮರಗಳ ಜೊತೆ ಭೂಮಿಯ ದೈನಂದಿನ ಸುತ್ತಿನಲ್ಲಿ ಉರುಳುತ್ತಿದ್ದಾಳೆ. ಮೊದಲು ಮೆಚ್ಚುಗೆಯಾಗಿದ್ದ ‘ವಸ್ತು’ ಎಂಬ ಮಾತು ಕಡೆಗೆ ಅಕ್ಷರಶಃ ನಿಜವಾಗಿಬಿಟ್ಟಿತೆಂಬುದನ್ನು ಕವಿ ಎಲ್ಲೂ ಹೇಳುವುದಿಲ್ಲ. ಎರಡು ಚರಣಗಳ ನಡುವಿನ ಖಾಲಿ ಜಾಗ ಹೇಳುತ್ತದೆ. ಒಂಬತ್ತನೆಯ ಶತಮಾನದ ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನ ಧ್ವನಿ ಎಂದದ್ದು ವಾಚ್ಯಾರ್ಥವನ್ನು, ಎಂದರೆ ಮಾತಿನ ನೇರ ಅರ್ಥವನ್ನು, ಹಿಂದೆ ಸರಿಸಿ ಹೊಳೆಯುವ ಇಂಥ ಅರ್ಥವನ್ನೇ. ಆದರೆ ರಸಗಳ ಪಟ್ಟಿ ಹಿಡಿದು ಇದು ಕರುಣವೋ ಶಾಂತವೋ ಎಂದು ಹಣೆಪಟ್ಟಿ ಅಂಟಿಸಲು ಹೊರಟರೆ, ಮೊದಲ ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ಆದ ಗತಿಯೇ ನಿಮಗೂ ಆಗುತ್ತದೆ.